ಚಿಕ್ಕ ಬಿ, ದೊಡ್ಡ ಬಿ

ಮನೆಗೆ ನೂರು ಎಂಬಿಪಿಎಸ್ ಇಂಟರ್‌ನೆಟ್ ಬಂದಾಗಿನಿಂದ ನನ್ನ ನೆಮ್ಮದಿ ಹಾರಿಹೋಗಿದೆ. ತಂತಿ ಎಳೆದ ಹುಡುಗ, “ಕಣ್ಣು ಮುಚ್ಚಿ ಬಿಡೋದ್ರೊಳಗೆ ಸಿನಿಮಾ ಇಳಿಯುತ್ತೆ ಸಾರ್” ಅಂದಿದ್ದ. ಡೌನ್‌ಲೋಡ್ ಮಾತ್ರ ಸೆಕೆಂಡಿಗೆ 12 ಎಂಬಿ ದಾಟಲು ಮುಲುಗುತ್ತದೆ. ಜಗಳಕ್ಕೆ ಅಂಗಿ ತೋಳು ಮಡಚುತ್ತಿದ್ದರೆ ಮಗಳು ತಡೆದಳು: “ಅಪ್ಪಾ, ಅವರದು ಚಿಕ್ಕ ಬಿ, ಬಿಟ್. ಇದು ದೊಡ್ಡ ಬಿ, ಬೈಟ್. ಎಂಟು ಬಿಟ್‌ಗೆ ಒಂದು ಬೈಟ್. ನೂರನ್ನು ಎಂಟರಿಂದ ಭಾಗಿಸು.” ಹನ್ನೆರಡೂವರೆ! ಒಂದೂವರೆ ಜಿಬಿ ಸಿನಿಮಾಕ್ಕೆ ಎರಡು ನಿಮಿಷ. ಅಷ್ಟು ಹೊತ್ತು ಕಣ್ಣು ಮುಚ್ಚಿದರೆ ನಾನು ಗೊರಕೆ ಹೊಡೆಯುತ್ತೇನೆ.

ಇಳಿದದ್ದನ್ನು ತುಂಬಲು ತಂದ ಒಂದು ಟಿಬಿ ಹಾರ್ಡ್ ಡಿಸ್ಕನ್ನು ವಿಂಡೋಸ್ 931 ಜಿಬಿ ಎಂದಿತು. ಅಕ್ಕಿ ಮೂಟೆಯಾಗಿದ್ದರೆ ಇಲಿಯ ಮೇಲೆ ಹಾಕಬಹುದಿತ್ತು. ತಯಾರಿಸಿದವರು ಸಾವಿರದ ಲೆಕ್ಕ ಹಿಡಿದರೆ ವಿಂಡೋಸ್‌ನದು 1024ರ ಲೆಕ್ಕವಂತೆ. ಈ ತಕರಾರು ತೀರಿಸಲೆಂದೇ 1998ರಲ್ಲಿ ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ 1024ರ ವಂಶಕ್ಕೆ ಕಿಬಿ, ಮೆಬಿ, ಗಿಬಿ ಎಂದು ನಾಮಕರಣ ಮಾಡಿತು. ಮಕ್ಕಳ ಹೆಸರು ಚೆನ್ನಾಗಿದೆ, ಕರೆಯುವವರು ಕಡಿಮೆ.

ನಮ್ಮವಳಿಗೆ ಇದ್ಯಾವುದರ ಗೊಡವೆಯೂ ಇಲ್ಲ. ಫೋನ್‌ನಲ್ಲಿ ಉಳಿದ ಜಾಗ ನೋಡಿ, “ಇನ್ನೆರಡು ಮದುವೆ ಹಿಡಿಯುತ್ತೆ ಕಣ್ರೀ” ಅನ್ನುತ್ತಾಳೆ. ಆ ಅಳತೆಯಲ್ಲಿ ಭಾಗಾಕಾರವಿಲ್ಲ. ಮದುವೆ ಅವಳ ಕಡೆಯದೋ ನನ್ನ ಕಡೆಯದೋ ಎಂದು ಕೇಳಿದರೆ ಸಾಕು. ತವರಿನದಾದರೆ ಒಂದೇ ಮದುವೆಗೆ ಫೋನ್ ಭರ್ತಿ.