ರಾತ್ರಿ ಎರಡು ಗಂಟೆಯ ಕಾದಂಬರಿಕಾರ

ಹಗಲು ಒಂದು ರಜಾ ಅರ್ಜಿ ಬರೆಯಲಿಕ್ಕೂ ತಿಣುಕುವ ನನ್ನ ತಲೆ ರಾತ್ರಿ ಎರಡಾಯಿತೆಂದರೆ ಮಹಾ ಕಾದಂಬರಿಕಾರ. ಎದೆ ಒಂದಿಷ್ಟು ಡವಗುಟ್ಟಿದರೆ ಸಾಕು, ಆಂಬುಲೆನ್ಸ್ ಬಂದು, ನೆಂಟರು ನೆರೆದು, ವೈಕುಂಠ ಸಮಾರಾಧನೆಯಲ್ಲಿ ಹೋಳಿಗೆಗೆ ತುಪ್ಪ ಸಾಲದೆ ಭಾವಮೈದುನ ಸಿಡುಕುವ ಅಧ್ಯಾಯದವರೆಗೂ ಸಲೀಸಾಗಿ ಬರೆದುಬಿಡುತ್ತದೆ. ಡಾಕ್ಟರು ಇದನ್ನು ಆಂಗ್ಸೈಟಿ ಎನ್ನುತ್ತಾರೆ. ನಮ್ಮತ್ತೆಯವರ ಪ್ರಕಾರ ಕೆಲಸ ಕಡಿಮೆಯಾಗಿದೆ.

ಉಪದೇಶಕ್ಕೇನು ಬರವೇ? ಪಾಸಿಟಿವ್ ಆಗಿ ಯೋಚಿಸು, ಬಿಸಿನೀರಿಗೆ ನಿಂಬೆಹಣ್ಣು ಹಿಂಡಿಕೋ. ಗೆಳೆಯನೊಬ್ಬ ಚಿಂತೆ ಬಿಡಿಸುವ ಪುಸ್ತಕವನ್ನೇ ತಂದುಕೊಟ್ಟ. ಉಸಿರನ್ನು ಗಮನಿಸಿ ಎಂದಿತ್ತು. ಅಲ್ಲಿಯವರೆಗೆ ತನ್ನ ಪಾಡಿಗೆ ತಾನು ಆಡಿಕೊಂಡಿದ್ದ ಉಸಿರು, ಗಮನಿಸಿದ್ದೇ ತಡ, ತಾಳ ತಪ್ಪಿತು. ಈಗ ಅದೊಂದು ಹೊಸ ಚಿಂತೆ.

ನನಗೆ ಆಗಿಬರುವುದು ಕೊನೆ ಗೊತ್ತಿರುವ ಪುಸ್ತಕ. ಮುಂದೇನಾಗುವುದೋ ಎಂಬುದೇ ತಾನೇ ಚಿಂತೆಯ ಬಂಡವಾಳ? ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಆ ಬಂಡವಾಳಕ್ಕೇ ಕತ್ತರಿ. ಮಂದಣ್ಣ ಏನೇನು ಎಡವಟ್ಟು ಮಾಡಿಕೊಳ್ಳುತ್ತಾನೆ, ಹಾರುವ ಓತಿ ಕೊನೆಗೆ ಯಾರ ಕೈಗೂ ಸಿಗದೆ ಹೇಗೆ ಕಣಿವೆಗೆ ತೇಲಿಹೋಗುತ್ತದೆ, ಎಲ್ಲ ಗೊತ್ತು. ಆದರೂ ಆ ಓತಿಯನ್ನು ಹುಡುಕಿ ಕಾಡು ಹತ್ತುವ ಗುಂಪಿನ ಹಿಂದೆ ನಾನೂ ಹೊರಡುತ್ತೇನೆ. ಬಿರಿಯಾನಿ ಕರಿಯಪ್ಪನಂಥವನು ಜೊತೆಗಿರುವಾಗ ನನ್ನ ಸಮಾರಾಧನೆಯ ತುಪ್ಪದ ಗೊಡವೆ ಯಾರಿಗೆ ಬೇಕು?

ಹಾಗಂತ ಗೊತ್ತಿರುವ ಪುಸ್ತಕವೆಲ್ಲ ರಾತ್ರಿಗೆ ಆಗದು. ‘ಮಲೆಗಳಲ್ಲಿ ಮದುಮಗಳು’ ಚಿನ್ನದಂಥದ್ದೇ, ಆದರೆ ಗುತ್ತಿಯ ನಾಯಿ ಹುಲಿಯನ ಗತಿ ನೆನೆದು ಕೊನೆಯ ಪುಟಗಳನ್ನು ಕತ್ತಲಾದ ಮೇಲೆ ಮುಟ್ಟುವುದಿಲ್ಲ. ತ್ರಿವೇಣಿಯವರ ‘ಶರಪಂಜರ’ವಂತೂ ಹಗಲಲ್ಲೇ ಓದಬೇಕು. ಅದರ ನಾಯಕಿ ಕಾವೇರಿ ಮನೋರೋಗದ ಆಸ್ಪತ್ರೆಯಿಂದ ಗುಣವಾಗಿಯೇ ಬರುತ್ತಾಳೆ. ಗುಣವಾಗದೆ ಉಳಿಯುವವರು ಸುತ್ತಲಿನವರು. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಪುಟ್ಟಣ್ಣ ಕಣಗಾಲರು ಅದನ್ನು ಸಿನಿಮಾ ಮಾಡಿದರು. ಕರ್ಚೀಫು ಒದ್ದೆ ಮಾಡಿಕೊಂಡು ಬಂದವರ ಮನೆಗಳಲ್ಲೇ ಇವತ್ತಿಗೂ ಜಗಳ ಬಿಸಿಯಾದರೆ “ನಿಮ್ಹಾನ್ಸಿಗೆ ಸೇರಿಸ್ತೀನಿ ನೋಡು” ಎಂಬುದು ಬೈಗುಳ!

ನಗು, ಮದ್ದು ಎರಡನ್ನೂ ಬಲ್ಲವರೊಬ್ಬರು ನಮ್ಮಲ್ಲಿದ್ದರು: ರಾಶಿ, ಅಂದರೆ ಡಾ. ಎಂ. ಶಿವರಾಂ. 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ಶುರುಮಾಡಿ ಕಾಲು ಶತಮಾನ ನಗಿಸಿದ ಈ ವೈದ್ಯರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ 1976ರಲ್ಲಿ ಪ್ರಶಸ್ತಿ ಕೊಟ್ಟದ್ದು ಹಾಸ್ಯಕ್ಕಲ್ಲ, ಮನೋರೋಗಗಳನ್ನು ಕುರಿತ ‘ಮನಮಂಥನ’ಕ್ಕೆ. ನಗೆಗಾರನ ಮೇಜಿನ ಮೇಲೆ ರೋಗಿಗಳ ಸಂಕಟವೂ ಇತ್ತೆಂದು ತಿಳಿದಾಗ ನನಗೇಕೋ ಧೈರ್ಯ ಬಂತು.

ಪುಸ್ತಕವೇ ಸಾಕು, ಡಾಕ್ಟರೇಕೆ ಎನ್ನುವ ವೀರರೂ ಇದ್ದಾರೆ. ನಾನು ಆ ಪಕ್ಷದವನಲ್ಲ. ಮಾತ್ರೆ ನುಂಗಿಯೇ ಪುಟ ತಿರುವುತ್ತೇನೆ. ವಾರಗಟ್ಟಲೆ ನಿದ್ದೆ ಬಾರದೆ ಬದುಕೇ ಬೇಡವೆನಿಸಿದರೆ ತೇಜಸ್ವಿಯವರಿಂದಲೂ ಆಗದು, ಡಾಕ್ಟರನ್ನು ನೋಡಲೇಬೇಕು. ನಡುರಾತ್ರಿ ಯಾರನ್ನು ಎಬ್ಬಿಸಲಿ ಎಂಬ ಸಂಕೋಚ ಬೇಡ, ಸರ್ಕಾರದ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಕಾಸಿಲ್ಲದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಇಷ್ಟು ಹೊಗಳಿದ್ದಾನೆ, ‘ಕರ್ವಾಲೊ’ ಎರಡು ದಿನಕ್ಕೆ ಕೇಳೋಣ ಎಂದುಕೊಂಡಿರಾ? ಕೊಂಡುಕೊಳ್ಳಿ ಸ್ವಾಮಿ. ನನ್ನ ಪ್ರತಿ ಕೊಟ್ಟರೆ ವಾಪಸು ಬರುತ್ತದೋ ಇಲ್ಲವೋ ಎಂದು ಇನ್ನೊಂದು ಮಾತ್ರೆ ಹೆಚ್ಚಿಗೆ ನುಂಗಬೇಕಾಗುತ್ತದೆ.