ಮ್ಯೂನಿಕ್ಕಿನ ಮರಗೆಣಸು

ಜರ್ಮನಿಯಲ್ಲಿ ಗಾಂಜಾ ಕಾನೂನುಬದ್ಧವಾದದ್ದು 2024ರ ಏಪ್ರಿಲ್ 1ರಂದು. ಇಂಥ ಸುದ್ದಿಗೆ ಯಾರಾದರೂ ಆ ತಾರೀಖು ಇಡುತ್ತಾರೆಯೇ? ನಮ್ಮ ಆಫೀಸಿನ ಭಾರತೀಯರೆಲ್ಲ ಮೂರ್ಖರ ದಿನದ ತಮಾಷೆ ಎಂದೇ ನಕ್ಕುಬಿಟ್ಟರು. ಈ ದೇಶದಲ್ಲಿ ಸರ್ಕಾರ ತಮಾಷೆ ಮಾಡುವುದಿಲ್ಲ ಎಂಬುದು ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ. ಹದಿನೆಂಟು ತುಂಬಿರಬೇಕು, ಕನಿಷ್ಠ ಆರು ತಿಂಗಳಿಂದ ಇಲ್ಲಿ ನೆಲೆಸಿರಬೇಕು. ಅಷ್ಟಿದ್ದರೆ ಸ್ವಂತ ಬಳಕೆಗೆಂದು ಮನೆಯಲ್ಲಿ ಮೂರು ಗಿಡ ಬೆಳೆಯಬಹುದು. ಒಣಗಿಸಿದ್ದನ್ನು ಮನೆಯಲ್ಲಿ 50 ಗ್ರಾಂ ಇಟ್ಟುಕೊಳ್ಳಬಹುದು, ಜೇಬಿನಲ್ಲಿ 25.

ನಾನು ಸೇದುವವನಲ್ಲ. ಊದುಬತ್ತಿಯ ಹೊಗೆಗೇ ಕೆಮ್ಮುವ ಪೈಕಿ. ಆದರೆ ಈ ಪಾಟಿ ತೆರಿಗೆ ಕಟ್ಟುವ ಮನುಷ್ಯನಿಗೆ ಸರ್ಕಾರ ತಾನಾಗಿ ಕೊಟ್ಟ ಒಂದು ಹಕ್ಕನ್ನು ದಂಡ ಮಾಡಲು ಮನಸ್ಸು ಬರಲಿಲ್ಲ. ಮೇಲಾಗಿ ನಾವು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ಎಕರೆಗಟ್ಟಲೆ ತೋಟ ಎಬ್ಬಿಸಿದ ವಂಶದವನು ಬಟ್ಟೆಯ ಬೀರುವಿನೊಳಗೆ ಮೂರು ಗಿಡ ಎಬ್ಬಿಸಲಾರನೇ?

ಐರೋಪ್ಯ ಒಕ್ಕೂಟದ ಒಳಗಿನಿಂದ ಬೀಜ ತರಿಸಲು ಅಡ್ಡಿಯಿಲ್ಲ. ಹೆಣ್ಣು ಗಿಡವೇ ಬರುವ ಬೀಜದ ಪೊಟ್ಟಣ ದುಬಾರಿ, ಮಾಮೂಲಿ ಪೊಟ್ಟಣ ಅಗ್ಗ. ನಾನು ಅಗ್ಗದ್ದನ್ನೇ ತರಿಸಿ, ಈ ಕಾಲದಲ್ಲೂ ಹೆಣ್ಣು ಗಂಡು ಎಂದು ಭೇದ ಮಾಡುವುದೇ ಎಂದು ಹೆಂಡತಿಯ ಮುಂದೆ ಸಮಾನತೆಯ ಭಾಷಣವನ್ನೂ ಬಿಗಿದೆ. ಅವಳು ಬೀರುವಿನಿಂದ ತನ್ನ ಸೀರೆಗಳನ್ನು ಮಾತ್ರ ಹೊರಗೆ ಒಯ್ದಳು, ಮಾತಾಡಲಿಲ್ಲ.

ಒದ್ದೆ ಟಿಶ್ಯೂ ಕಾಗದದಲ್ಲಿ ಮೂರೂ ಮೊಳಕೆ ಒಡೆದವು. ಕೃಷಿವಿಜ್ಞಾನವೆಂದರೆ ಇಷ್ಟೇ ಎನ್ನಿಸಿದ ಘಳಿಗೆ ಅದು. ಮ್ಯೂನಿಕ್ಕಿನ ಡಿಸೆಂಬರಿನಲ್ಲಿ ಸೂರ್ಯ ಸಂಜೆ ನಾಲ್ಕೂವರೆಯೊಳಗೆ ಮನೆ ಸೇರುತ್ತಾನೆ, ಆದ್ದರಿಂದ ಬೀರುವಿನೊಳಗೆ ನನ್ನ ಓದುವ ದೀಪ ತೂಗುಹಾಕಿದೆ. ಸಸಿಗಳು ದಿನ ಬೆಳಗಾದರೆ ಉದ್ದವಾದವು. ನಾನು ಸ್ಕೇಲು ಹಿಡಿದು ಅಳೆದು ಹಿಗ್ಗಿದೆ. ಅಸಲಿಗೆ ಅದು ಬೆಳವಣಿಗೆಯಲ್ಲ, ಬೆಳಕಿನ ಬರ. ಮದುವೆ ಪಂಕ್ತಿಯಲ್ಲಿ ಹೋಳಿಗೆ ಎಲ್ಲಿಗೆ ಬಂತು ಎಂದು ಕತ್ತು ಚಾಚುವವರಂತೆ ಅವು ದೀಪದ ಕಡೆ ಚಾಚಿದ್ದವು. ಕಾಂಡ ದಾರದಷ್ಟು, ತಲೆ ಭಾರ. ಮೂರಕ್ಕೂ ಹಲ್ಲುಕಡ್ಡಿಯ ಊರುಗೋಲು ಕೊಟ್ಟೆ.

ಆಮೇಲೆ ಎಲೆಗಳು ಜೋತುಬಿದ್ದವು. ಬಾಯಾರಿಕೆ ಎಂದು ನೀರು ಹಾಕಿದೆ. ಇನ್ನಷ್ಟು ಜೋತವು. ಇನ್ನಷ್ಟು ಹಾಕಿದೆ. ನೀರು ಕಡಿಮೆಯಾದ ಸಸಿಯೂ ಹೆಚ್ಚಾದ ಸಸಿಯೂ ಹೊರನೋಟಕ್ಕೆ ಒಂದೇ ಥರ ತಲೆ ತಗ್ಗಿಸುತ್ತವೆ. ಇದು ಸೃಷ್ಟಿಕರ್ತನ ದೊಡ್ಡ ವಿನ್ಯಾಸದೋಷ ಎಂದು ನನ್ನ ಅಭಿಪ್ರಾಯ. ಬೇರಿಗೂ ಉಸಿರಾಟಕ್ಕೆ ಆಮ್ಲಜನಕ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ನಿಂತರೆ ಬೇರು ಉಸಿರುಗಟ್ಟಿ, ಕಾಲಬುಡದಲ್ಲಿರುವ ನೀರನ್ನೇ ಎತ್ತಲಾರದೆ ಹೋಗುತ್ತದೆ. ನನ್ನ ಕುಂಡಗಳೋ ಬಿರಿಯಾನಿ ಹಂಡೆಯ ಗಾತ್ರದವು. ಅಂಗೈಗಿಂತ ಚಿಕ್ಕ ಸಸಿಗೆ ಅಷ್ಟು ಮಣ್ಣಿನ ತೇವ ಹೀರುವ ಶಕ್ತಿ ಎಲ್ಲಿ?

ಎಲೆ ಹಳದಿಯಾಯಿತು. ಅಶಕ್ತಿ ಎಂದು ಟೊಮೆಟೊ ಗೊಬ್ಬರದ ದ್ರಾವಣ ಕೊಟ್ಟೆ. ಎಳೆಯ ಸಸಿಗೆ ಮೊದಮೊದಲು ಬೀಜದೆಲೆಗಳೇ ಬುತ್ತಿ ಉಣಿಸುತ್ತವೆ, ಹೊರಗಿನ ಔತಣ ಬೇಡ. ಎಲೆಯ ತುದಿಗಳು ಸುಟ್ಟು ಕಂದಾದವು.

ಕಾಲೇಜಿನ ದಿನಗಳಲ್ಲಿ ತೇಜಸ್ವಿಯವರ ‘ಸಹಜ ಕೃಷಿ’ ಓದಿಕೊಂಡು, ಜಪಾನಿನ ರೈತ ಫುಕುವೋಕಾ ಪ್ರಕಾರ ಏನೂ ಮಾಡದೆ ಬೇಸಾಯ ಮಾಡಬೇಕೆಂದು ಅಪ್ಪನಿಗೆ ಪಾಠ ಹೇಳಿದವನು ನಾನೇ. ಏನೂ ಮಾಡದಿರುವುದು ಎಷ್ಟು ಕಷ್ಟದ ಕೆಲಸವೆಂದು ಫುಕುವೋಕಾ ಇನ್ನೂ ಒತ್ತಿ ಹೇಳಬೇಕಿತ್ತು.

ಅಷ್ಟರಲ್ಲಿ ನೊಣ ಬಂದವು. ಸಣ್ಣ ಕಪ್ಪು ನೊಣ. ಸದಾ ತೇವವಿರುವ ಮಣ್ಣಿನ ಮೇಲ್ಪದರದಲ್ಲಿ ಮೊಟ್ಟೆಯಿಡುತ್ತವೆ, ಮರಿಹುಳುಗಳು ಎಳೆಬೇರು ಮೇಯುತ್ತವೆ. ಒಂದು ನೊಣ ಹೆಂಡತಿಯ ಫಿಲ್ಟರ್ ಕಾಫಿಯಲ್ಲಿ ಸಿಕ್ಕಿದ ದಿನ ವಿಷಯ ಕೃಷಿಯಿಂದ ಕುಟುಂಬ ನ್ಯಾಯಾಲಯದ ದಿಕ್ಕಿಗೆ ಹೊರಳಿತು. ಹಳದಿ ಅಂಟುಪಟ್ಟಿ ತಂದು ಬೀರುವಿನಲ್ಲಿ ತೂಗಿದೆ. ಮೊದಲು ಅಂಟಿಕೊಂಡದ್ದು ನನ್ನ ಮುಂಗೂದಲು. ಉಳಿದಿರುವ ನಾಲ್ಕು ಕೂದಲಲ್ಲಿ ಎರಡು ಅದರ ಪಾಲಾಯಿತು. ಇಲ್ಲಿ ಈ ನೊಣಕ್ಕೆ ಸ್ಟೈನರ್ನೀಮಾ ಎಂಬ ಜೀವಂತ ಸೂಕ್ಷ್ಮ ಜಂತುಹುಳುಗಳನ್ನು ಅಂಚೆಯಲ್ಲಿ ಕಳಿಸುತ್ತಾರೆ. ನೀರಿನಲ್ಲಿ ಕದಡಿ ಮಣ್ಣಿಗೆ ಸುರಿದರೆ ಅವು ಮರಿಹುಳುಗಳ ದೇಹ ಹೊಕ್ಕು ಕೊಲ್ಲುತ್ತವೆ. ಒಳ್ಳೆಯ ಉಪಾಯವೇ. ಆದರೆ ಬಳಸುವ ತನಕ ಫ್ರಿಜ್ಜಿನಲ್ಲಿಡಬೇಕು. ಇಟ್ಟೆ, ಇಡ್ಲಿ ಹಿಟ್ಟಿನ ಪಕ್ಕ. ಆ ಇಡ್ಲಿಯನ್ನು ನಾನೊಬ್ಬನೇ ತಿಂದೆ.

ಒಂದು ಬೆಳಿಗ್ಗೆ ನೋಡಿದರೆ ಮೊದಲನೇ ಸಸಿ ಹಲ್ಲುಕಡ್ಡಿಯ ಸಮೇತ ಮಲಗಿತ್ತು. ಮಣ್ಣಿಗೆ ತಾಗುವ ಕಡೆ ಕಾಂಡ ಕೊಳೆತು ಎಳೆಯಾಗಿತ್ತು. ಇದರ ಹಿಂದೆ ಹೆಚ್ಚಾಗಿ ಇರುವುದು ಪಿಥಿಯಂ. ನಮ್ಮ ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾಕ್ಕೆ ಅದು ದಾಯಾದಿ. ಮಲೆನಾಡಿನ ಕೊಳೆಯಿಂದ ತಪ್ಪಿಸಿಕೊಂಡು ಸಾಫ್ಟ್‌ವೇರ್ ಕಲಿತು ಏಳು ಸಮುದ್ರ ದಾಟಿ ಬಂದರೆ, ಮ್ಯೂನಿಕ್ಕಿನ ಬೀರುವಿನಲ್ಲಿ ಅದರ ದಾಯಾದಿ ಕಾದು ಕೂತಿತ್ತು!

ಆ ಭಾನುವಾರವೇ ಅಪ್ಪ ವಿಡಿಯೋ ಕಾಲ್ ಮಾಡಿದರು. ಬೀರುವಿನ ಬಾಗಿಲು ತೆರೆದಿತ್ತು.

“ಎಂಥದಾ ಅದು ಹಿಂದೆ?”

“ಮರಗೆಣಸು,” ಎಂದೆ. ಎಲೆ ಸುಮಾರು ಹಾಗೇ ಕಾಣುತ್ತದೆ, ನನ್ನ ಸಮಯಪ್ರಜ್ಞೆಗೆ ನಾನೇ ಬೆರಗಾದೆ.

“ಮರಗೆಣಸಿಗೆ ಕೋಲು ಕಡಿದು ನೆಡೂದು. ನೀ ಎಂಥ ಬೀಜ ಬಿತ್ತಿದ್ದಾ?”

ಭಾರತದಲ್ಲಿ 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಗಾಂಜಾ ಗಿಡ ಬೆಳೆದರೆ ಹತ್ತು ವರ್ಷದವರೆಗೆ ಕಠಿಣ ಸಜೆ, ಲಕ್ಷದವರೆಗೆ ದಂಡ. ಅಪ್ಪನಿಗೆ ಇದು ಬಾಯಿಪಾಠವಿರಲಿಕ್ಕಿಲ್ಲ, ಆದರೆ ಎಲೆಯ ಪರಿಚಯ ಚೆನ್ನಾಗಿಯೇ ಇದ್ದಂತಿತ್ತು. ಸ್ವಲ್ಪ ಹೊತ್ತು ಪರದೆಗೆ ಕಣ್ಣು ಹತ್ತಿರ ತಂದರು. “ನಿನ್ನ ಮರಗೆಣಸಿಗೆ ನೀರು ಹೆಚ್ಚಾಗಿದೆ. ಸಣ್ಣ ಕುಂಡಕ್ಕೆ ಹಾಕು, ಬೀಜದೆಲೆ ಕೆಳಗಿನವರೆಗೆ ಮಣ್ಣು ಏರಿಸು. ಕುಂಡ ಎತ್ತಿ ನೋಡಿ ಹಗುರ ಆದ್ರೆ ಮಾತ್ರ ನೀರು. ಗಾಳಿ ಆಡಲಿ. ಕೈ ಕಟ್ಟಿಕೊಂಡು ಕೂರು,” ಎಂದು ಹೇಳಿ, ಅಮ್ಮನಿಗೆ ಫೋನ್ ಕೊಡದೆ ಇಟ್ಟುಬಿಟ್ಟರು.

ಅಪ್ಪ ಹೇಳಿದಂತೆಯೇ ಮಾಡಿದೆ. ಜೊತೆಗೆ ಮಣ್ಣಿಗೆ ಪರ್ಲೈಟ್ ಬೆರೆಸಿದೆ, ಓದುವ ದೀಪಕ್ಕೆ ನಿವೃತ್ತಿ ಕೊಟ್ಟು ಎಲ್‌ಇಡಿ ತಂದೆ, ಚಿಕ್ಕ ಫ್ಯಾನು ಇಟ್ಟೆ; ಗಾಳಿಗೆ ಅಲುಗಾಡಿದರೆ ಕಾಂಡ ಗಟ್ಟಿಯಾಗುತ್ತದೆ. ಎರಡನೇ ಸಸಿಗೆ ಇದೆಲ್ಲ ತಡವಾಗಿತ್ತು. ಮೂರನೆಯದು ಬದುಕಿತು. ಮೊದಲು ಒಂಟಿ ಎಸಳಿನ ಎಲೆ, ಆಮೇಲೆ ಮೂರೆಸಳು, ಆಮೇಲೆ ಐದು. ಹೆಂಡತಿ ಕೂಡ ಆಗಾಗ ಬಂದು ಇಣುಕತೊಡಗಿದಳು.

ಒಂದು ದಿನ ಅವಳೇ ಕರೆದಳು. ಗೆಣ್ಣುಗಳ ಸಂದಿಯಲ್ಲಿ ಸಣ್ಣ ಸಣ್ಣ ಉಂಡೆಗಳು. ಹೆಣ್ಣು ಗಿಡವಾದರೆ ಅಲ್ಲಿ ಬಿಳಿ ಕೂದಲೆಳೆಗಳು ಬರುತ್ತವೆ. ಉಂಡೆ ಎಂದರೆ ಪರಾಗದ ಚೀಲ. ಗಂಡು. ಕೊಯ್ಯುವಂಥ ಹೂತೆನೆ ಗಂಡು ಗಿಡದಲ್ಲಿ ಬರುವುದಿಲ್ಲ. “ಭೇದ ಮಾಡಬಾರದು ಅಲ್ವಾ?” ಎಂದಷ್ಟೇ ಹೇಳಿ, ಸೀರೆಗಳನ್ನು ಬೀರುವಿಗೆ ವಾಪಸು ತರಲು ಹೋದಳು.

ಕಾನೂನು ಒಪ್ಪಿದ 50 ಗ್ರಾಮಿನಲ್ಲಿ ನನ್ನ ಒಟ್ಟು ಇಳುವರಿ ಸೊನ್ನೆ. ಮ್ಯೂನಿಕ್ ಸುತ್ತಮುತ್ತಲ ಕನ್ನಡಿಗರು ಯಾರಾದರೂ ಕರಿಬೇವಿನ ಸಸಿಯನ್ನು ಚಳಿಗಾಲ ದಾಟಿಸುವ ಪಾಡಿನಲ್ಲಿದ್ದರೆ ತಿಳಿಸಿ: ಎಲ್‌ಇಡಿ ದೀಪ, ಫ್ಯಾನು, ಅರ್ಧ ಚೀಲ ಪರ್ಲೈಟ್, ಹಳದಿ ಅಂಟುಪಟ್ಟಿ ಎಲ್ಲ ಪುಕ್ಕಟೆ ಕೊಡುತ್ತೇನೆ. ಗಿಡವನ್ನು ಮಾತ್ರ ಕೇಳಬೇಡಿ. ಮನೆಯಲ್ಲಿ ಬೆಳೆದದ್ದನ್ನು ಇನ್ನೊಬ್ಬರಿಗೆ ಕೊಡಲು ಇಲ್ಲಿಯ ಕಾನೂನು ಬಿಡುವುದಿಲ್ಲ.