ಕಲ್ಲಿನಲ್ಲಿ ಕೆತ್ತಿದ ರಸೀದಿ

ನ್ಯೂಜೆರ್ಸಿಯ ನಮ್ಮ ಮನೆಗೆ ತೆರಿಗೆ ಇಲಾಖೆಯ ಲಕೋಟೆ ಬಂದಾಗ ಅಮ್ಮ ಮೈಸೂರಿಂದ ಬಂದು ಎಂಟು ದಿನವಾಗಿತ್ತಷ್ಟೆ. 2022ರ ರಿಟರ್ನಿನಲ್ಲಿ ತೋರಿಸಿದ ದಾನಗಳಿಗೆ ಪುರಾವೆ ಕೊಡಿ, 30 ದಿನ ಗಡುವು.

"ಆಡಿಟ್ ಬಂದಿದೆ" ಅಂದೆ.

"ಅದಕ್ಯಾಕೋ ಮುಖ ಸಪ್ಪಗೆ? ಆಡಿಟರ್ ಹತ್ರ ಕೊಡು, ನೋಡ್ಕೋತಾರೆ."

ಮೈಸೂರಿನಲ್ಲಿ ಆಡಿಟರ್ ಎಂದರೆ ಅಪ್ಪನ ಸ್ನೇಹಿತರು, ಕಾಫಿ ಕುಡಿದು ಸಹಿ ಹಾಕಿಸಿಕೊಂಡು ಹೋಗುವವರು. ಇಲ್ಲಿ ಎದುರು ಪಕ್ಷದವರು. ಇಷ್ಟನ್ನು ಅಮ್ಮನಿಗೆ ತಿಳಿಸುವುದರಲ್ಲೇ ಎರಡು ದಿನ ಹೋಯಿತು.

ಕೊನೆಗೆ ನಮ್ಮ ಕಡೆಯ ಲೆಕ್ಕಿಗರಾಗಿ ಒಬ್ಬ ಸಿಪಿಎ ಹಿಡಿದೆ. ಫಾರ್ಮ್ 2848ಕ್ಕೆ ಸಹಿ ಹಾಕಿದರೆ ಇಲಾಖೆಯೊಡನೆ ನನ್ನ ಪರವಾಗಿ ಅವರೇ ಮಾತಾಡುತ್ತಾರೆ. ನನ್ನ ಬಾಯಿ ಮುಚ್ಚಿಸಲು ಒಂದು ಫಾರ್ಮ್ ಉಂಟೆಂದು ತಿಳಿದ ನನ್ನವಳು ಮನೆಗೂ ಒಂದು ಪ್ರತಿ ಕೇಳಿದಳು.

ಇಲ್ಲಿನ ದೇವಸ್ಥಾನದ ಪತ್ರ ದೇವರ ಗೂಡಿನಲ್ಲಿತ್ತು, ಕುಂಕುಮ ಸಮೇತ. 250 ಡಾಲರ್ ಮುಟ್ಟಿದ ದಾನಕ್ಕೆ, ಪ್ರತಿಯಾಗಿ ದಾನಿಗೆ ಏನಾದರೂ ಸಿಕ್ಕಿತೇ ಎಂದು ಬರೆದ ಪತ್ರ ಬೇಕು. ಊಟದ ಟಿಕೆಟ್ ಸಿಕ್ಕಿದ್ದರೆ ಅದರ ಬೆಲೆ ಕಳೆಯಬೇಕು. ಪುಣ್ಯಕ್ಕೆ ಮಾತ್ರ ಬೆಲೆ ಕಟ್ಟುವುದಿಲ್ಲ.

"ಈ ಕಾನೂನನ್ನ ಯಾರೋ ಗೀತೆ ಓದ್ಕೊಂಡೋರೇ ಬರೆದಿದಾರೆ" ಅಂದಳು ಅಮ್ಮ.

ತೊಡಕಾದದ್ದು ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕಳಿಸಿದ 3,000 ಡಾಲರ್. ರಸೀದಿ ಕೇಳಿದರೆ ಚಿಕ್ಕಪ್ಪ ವಾಟ್ಸಾಪಿನಲ್ಲಿ ಫೋಟೊ ಕಳಿಸಿದರು: ಗ್ರಾನೈಟ್ ಕಲ್ಲು, ಅದರ ಮೇಲೆ ನನ್ನ ಹೆಸರು, ಮೊತ್ತ, ಕೆಳಗೆ ದಪ್ಪಗೆ "ಅಮೇರಿಕ". ಇದಕ್ಕಿಂತ ಗಟ್ಟಿ ಪುರಾವೆ ಬೇಕೆ? ಹಲ್ಮಿಡಿ ಶಾಸನವೂ ಒಂದು ದಾನದ ರಸೀದಿಯೇ ತಾನೆ! ಹೆಮ್ಮೆಯಿಂದ ತೋರಿಸಿದೆ.

ಸಿಪಿಎ ಕನ್ನಡಕ ಒರೆಸಿಕೊಂಡರು. "ಪರದೇಶದ ದೇವಸ್ಥಾನಕ್ಕೆ ನೇರವಾಗಿ ಕೊಟ್ಟರೆ ವಿನಾಯಿತಿ ಇಲ್ಲ. ಕಾಗದದಲ್ಲಿದ್ದರೂ ಅಷ್ಟೆ, ಕಲ್ಲಿನಲ್ಲಿದ್ದರೂ ಅಷ್ಟೆ."

ಪರದೇಶವಂತೆ! ನಮ್ಮಜ್ಜ ಶ್ಯಾನುಭೋಗಿಕೆ ಮಾಡಿದ ಊರು.

ಬಾಕಿ ತೆರಿಗೆ ಕಟ್ಟಿದೆ, ಬಡ್ಡಿ ಕಟ್ಟಿದೆ, ಸಿಪಿಎ ಫೀಸೂ ಕೊಟ್ಟೆ. ಸಂಬಳದವರಿಗೆ ಆ ಫೀಸಿನ ಮೇಲಿನ ವಿನಾಯಿತಿಯನ್ನೂ 2018ರಿಂದಲೇ ಕಿತ್ತುಹಾಕಿದ್ದಾರಂತೆ. ಅದನ್ನು ಅವರು ಚೆಕ್ ಜೇಬಿಗಿಳಿಸಿದ ಮೇಲೆ ಹೇಳಿದರು.

ಮೊನ್ನೆ ಚಿಕ್ಕಪ್ಪನ ಫೋನು. "ಸುತ್ತುಗೋಡೆ ಕಟ್ಟಿಸ್ತಿದೀವಿ ಕಣೋ. ನಿನಗೆ ಕಾಗದದ ರಸೀದೀನೇ ಬೇಕಂತಲ್ಲ, ಹೊಸ ಪುಸ್ತಕ ಅಚ್ಚು ಹಾಕ್ಸಿದೀನಿ. ಎಷ್ಟು ಬರೀಲಿ?"